ಕರೆಂಟ್ ಕೊಟ್ಟ ಜಿಲ್ಲೆಯ ಹುಡುಗೀರಿಗೆ ಎಲೆಕ್ಟ್ರಿಕಲ್ ಯಾಕೆ ಬೇಡ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ನಮ್ ಕಡೆ ಹುಡುಗೀರಿಗೆ ಹೇಳೋ ಲಿಸ್ಟ್ ಎಲ್ರಿಗೂ ಬಾಯಿಪಾಠ. ಮಾರ್ಕ್ಸ್ ಚೆನ್ನಾಗಿದ್ರೆ ಪಿಯು ಸೈನ್ಸು, ಆಮೇಲೆ ಸಿಇಟಿ, ಕಂಪ್ಯೂಟರ್ ಸೈನ್ಸು, ಬೆಂಗ್ಳೂರು. ಸುಮಾರಾಗಿದ್ರೆ ಕಾಮರ್ಸು, ನರ್ಸಿಂಗು, ಬಿಎಡ್ಡು. ಇದ್ಯಾವ್ದೂ ಕೆಟ್ಟದ್ದು ಅಂತಿಲ್ಲ ಮಾರಾಯ್ರೆ. ಆದ್ರೆ ನಮ್ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರಾದ್ರೂ ಒಬ್ರು "ಕರೆಂಟಿನ ಕೆಲ್ಸ ಕಲೀತೀಯೇನೇ" ಅಂತ ಒಬ್ಳು ಹುಡುಗೀನ ಕೇಳಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಇದು ವಿಚಿತ್ರ ಅಲ್ವಾ? ಜೋಗದ ಪವರ್ ಹೌಸ್ ಶುರುವಾಗಿದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಬಂತು, ತೋಟ ಗದ್ದೆ ಮನೆ ದೇವಸ್ಥಾನ ಎಲ್ಲ ಮುಳುಗ್ತು, ಆ ನೀರಿಂದ ಶರಾವತಿ ಸ್ಟೇಷನ್ನಿನ ಹತ್ತು ಯೂನಿಟ್ ಸೇರಿ 1035 ಮೆಗಾವ್ಯಾಟ್. ನಮ್ ಹೊಸನಗರದ ಮಾಣಿ ಡ್ಯಾಂ ನೀರು ಘಟ್ಟ ಇಳ್ದು ವಾರಾಹಿಯ ಭೂಗರ್ಭ ಪವರ್ ಹೌಸಲ್ಲಿ 460. ಮುಳುಗಡೆಯವ್ರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗ್ದಿಲ್ಲ. ಇಷ್ಟೆಲ್ಲ ಕೊಟ್ಟವ್ರ ಮನೆ ಹುಡುಗೀರು ಆ ಕಂಟ್ರೋಲ್ ರೂಮಲ್ಲಿ ಕೂರಬೇಕು ಅನ್ನೋದು ನನ್ ಪ್ರಕಾರ ಆಸೆ ಅಲ್ಲ, ಬಾಕಿ ವಸೂಲಿ.

ಕರೆಂಟಿನ ಕೆಲ್ಸ ಅಂದ್ ಕೂಡ್ಲೇ ಮಳೇಲಿ ಕಂಬ ಹತ್ತಿರೋ ಲೈನ್‌ಮನ್ನೇ ಕಣ್ಣಿಗೆ ಬರೋದು. ಆಷಾಢದಲ್ಲಿ ಮರ ಬಿದ್ದು ಲೈನ್ ಹರ್ದಾಗ ಅವ್ರೇ ನಮ್ ದೇವ್ರು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಕಂಬದ ಹಿಂದೆ ಎಷ್ಟು ಥರದ ಕೆಲ್ಸ ಇದೆ ಅಂತ ಮಕ್ಕಳಿಗೆ ಯಾರೂ ಹೇಳಲ್ಲ. ಡ್ಯಾಮಿಗೆ ಎಷ್ಟು ನೀರು ಬರ್ಬೋದು ಅಂತ ಲೆಕ್ಕ ಹಾಕೋರು, ಊರೂರಿಗೆ ಕರೆಂಟ್ ಹಂಚೋ ಜಾಲ ಇದ್ಯಲ್ಲ, ಆ ಗ್ರಿಡ್ಡಿನ ಫ್ರೀಕ್ವೆನ್ಸಿ 50 ಹರ್ಟ್ಸ್ ಸುತ್ತಮುತ್ತಲೇ ಇರೋ ಹಾಗೆ ನೋಡ್ಕೊಳೋರು, ಸೋಲಾರ್ ಡಿಸೈನ್ ಮಾಡೋರು, ಬ್ಯಾಟರಿ ಟೆಸ್ಟ್ ಮಾಡೋರು, ಹೀಗೇ.

ದೂರ ಯಾಕೆ, ನಮ್ಮ ಹಿತ್ಲ ಹಳ್ಳಾನೇ ತಗೊಳಿ. ಮಲೆನಾಡಲ್ಲಿ ಎಷ್ಟೋ ಒಂಟಿ ಮನೆಗಳಲ್ಲಿ ಪಿಕೊ ಹೈಡ್ರೋ ಟರ್ಬೈನ್, ಅಂದ್ರೆ ಹಳ್ಳದ ನೀರಿಂದ ಮನೆಗಾಗೋಷ್ಟು ಕರೆಂಟ್ ಮಾಡೋ ಪುಟ್ಟ ಯಂತ್ರ, ಇಟ್ಕೊಂಡಿದಾರೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ನೀರು ಪೈಪಲ್ಲಿ ಬಂದ್ರೆ ಅದ್ರಲ್ಲಿರೋ ಶಕ್ತಿ 20 ಗುಣಿಸು 5 ಗುಣಿಸು 9.8, ಅಂದ್ರೆ 980 ವ್ಯಾಟ್. ಪೈಪು, ಟರ್ಬೈನು, ಜನರೇಟರ್ ಎಲ್ಲ ಸೇರಿ ಅರ್ಧ ತಿಂದ್ರೂ 490 ವ್ಯಾಟ್ ಕೈಗೆ ಸಿಗುತ್ತೆ, ಲೈಟು ಫ್ಯಾನು ಟಿವಿಗೆ ಧಾರಾಳ, ಮಿಕ್ಸಿ ಹಾಕೋಕೆ ಹೋದ್ರೆ ಮಾತ್ರ ಕಷ್ಟ. ಪಿಯು ಫಿಸಿಕ್ಸ್ ಓದೋ ಯಾವ ಹುಡುಗಿ ಬೇಕಾದ್ರೂ ಮಾಡೋ ಲೆಕ್ಕ ಇದು. ಇದ್ರಲ್ಲಿ ಇನ್ನೊಂದು ಮಜಾ ಇದೆ. ರಾತ್ರಿ ಒಂದು ಬಲ್ಬ್ ಬಿಟ್ಟು ಉಳಿದ ಲೈಟೆಲ್ಲ ಆಫ್ ಮಾಡಿದ್ರೂ ನೀರು ಬರ್ತಾನೇ ಇರುತ್ತಲ್ಲ, ಸಾಕಷ್ಟು ಲೋಡ್ ಇಲ್ದೆ ಟರ್ಬೈನ್ ಜೋರಾಗಿ ತಿರುಗಿ ವೋಲ್ಟೇಜ್ ಏರಿ ಉರೀತಿರೋ ಆ ಒಂದು ಬಲ್ಬೂ ಢಮಾರ್. ಅದಕ್ಕೇ ಒಂದು ಕಂಟ್ರೋಲರ್ ಇಟ್ಟು ಹೆಚ್ಚಾದ ಕರೆಂಟನ್ನ ಹೀಟರ್ ಕಾಯಿಲಿಗೆ ಕಳಿಸ್ತಾರೆ, ಬಚ್ಚಲಿಗೆ ಬಿಸಿನೀರು ಪುಕ್ಕಟೆ! ಮಳೆಗಾಲದಲ್ಲಿ ಹಳ್ಳ ತುಂಬಿರುತ್ತೆ ಬಿಸಿಲಿಲ್ಲ, ಬೇಸಿಗೇಲಿ ಬಿಸಿಲಿದೆ ಹಳ್ಳ ಬತ್ತುತ್ತೆ, ಎರಡನ್ನೂ ಜೋಡಿಸಿ ವರ್ಷಪೂರ್ತಿ ಮನೆ ನಡ್ಸೋದು ಹೇಗೆ ಅನ್ನೋದು ನಿಜವಾದ ಎಂಜಿನಿಯರಿಂಗ್ ಪ್ರಶ್ನೆ, ಇದಕ್ಕೆ ನಮ್ ಹುಡುಗೀರಿಗಿಂತ ಚೆನ್ನಾಗಿ ಉತ್ತರ ಹುಡ್ಕೋರು ಯಾರು, ಅಬ್ಬಿ ನೀರು ಕಟ್ಟಾದ್ರೆ ಪೈಪ್ ಹುಡುಕ್ಕೊಂಡು ಗುಡ್ಡ ಹತ್ತೋರೇ ಅವ್ರು.

"ಹೆಣ್ಣುಮಕ್ಕಳಿಗೆ ಆಗುತ್ತಾ" ಅನ್ನೋರಿಗೆ ಒಂದೇ ಹೆಸ್ರು ಹೇಳ್ತೀನಿ, ಎ. ಲಲಿತಾ. ಹದಿನೆಂಟಕ್ಕೇ ಗಂಡ ತೀರ್ಕೊಂಡು ಕೈಗೂಸಿದ್ದೋರು, ಮದ್ರಾಸಿನ ಗಿಂಡಿ ಕಾಲೇಜಲ್ಲಿ 1943ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದ್ರು, ಮುಂದೆ ಭಾಕ್ರಾ ನಂಗಲ್ ಯೋಜನೆಗೂ ಕೆಲ್ಸ ಮಾಡಿದ್ರು. ಇನ್ನು ಕಂಬದ ವಿಷ್ಯ, ತೆಲಂಗಾಣದಲ್ಲಿ ಹುಡುಗೀರು ಅರ್ಜೀನೇ ಹಾಕೋ ಹಾಗಿಲ್ಲ ಅಂದಾಗ ಕೋರ್ಟಿಗೆ ಹೋಗಿ, ಕಂಬ ಹತ್ತಿ ತೋರ್ಸಿ ಲೈನ್‌ವುಮನ್ ಆದ ಶಿರೀಷಾ ಇದಾಳೆ.

ಕಷ್ಟ ಇಲ್ಲ ಅಂತ ಸುಳ್ಳು ಹೇಳಲ್ಲ. ನೈಟ್ ಶಿಫ್ಟ್ ಇರುತ್ತೆ. ಸೈಟಲ್ಲಿ ಟಾಯ್ಲೆಟ್ ಇಲ್ದೇ ಇರೋದು ದೊಡ್ಡ ಸಮಸ್ಯೆ, ಅದನ್ನ ಸರಿಮಾಡ್ಬೇಕಾದ್ದು ಕೆಲ್ಸ ಕೊಡೋರು, ಹುಡುಗಿ ಅಲ್ಲ. ಸರ್ಕಾರಿ ನೇಮಕಾತಿ ಕಾಯ್ತಾ ಕೂತ್ರೆ ವಯಸ್ಸಾಗೋಗುತ್ತೆ, ಖಾಸಗಿ ಸೋಲಾರ್ ಕಡೇನೂ ಕಣ್ಣಿಡ್ಬೇಕು. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಐರೀನಾದ 2019ರ ವರದಿ ಪ್ರಕಾರ ಜಗತ್ತಲ್ಲಿ ನವೀಕರಿಸಬಹುದಾದ ಇಂಧನದ ಕೆಲ್ಸಗಳಲ್ಲಿ ಹೆಂಗಸರು ಶೇ. 32, ತೈಲ ಮತ್ತು ಗ್ಯಾಸ್ ಕ್ಷೇತ್ರದಲ್ಲಿ ಶೇ. 22. ಅಂದ್ರೆ ಹೊಸ ಕ್ಷೇತ್ರದ ಬಾಗ್ಲು ಸ್ವಲ್ಪ ಅಗಲ ಇದೆ, ಪೂರ್ತಿ ತೆರ್ದಿಲ್ಲ.

ಇನ್ನೊಂದ್ ಕಾರಣ ಇದೆ ನಂಗೆ, ಇದು ಸಂಬಳದ್ದಲ್ಲ. ಶರಾವತಿ ಪಂಪ್ಡ್ ಸ್ಟೋರೇಜ್ ಗಲಾಟೆ ಗೊತ್ತಲ್ಲ, 2000 ಮೆಗಾವ್ಯಾಟ್, ಕೆಳಗಿನ ಗೇರುಸೊಪ್ಪ ಡ್ಯಾಮಿನ ನೀರನ್ನ ಮೇಲಿನ ತಲಕಳಲೆ ಡ್ಯಾಮಿಗೆ ಎತ್ತಿ ಮತ್ತೆ ಬಿಡೋದು. ಎತ್ತೋಕೆ ಹೋಗೋ ಕರೆಂಟು ವಾಪಸ್ ಬರೋದಕ್ಕಿಂತ ಜಾಸ್ತಿ, ಆದ್ರೂ ಸಂಜೆ ಬೇಡಿಕೆ ಏರಿದಾಗ ಅದು ಉಪಯೋಗಕ್ಕೆ ಬರುತ್ತೆ ಅನ್ನೋದೂ ನಿಜ. ಸಿಂಗಳೀಕದ ಕಾಡಲ್ಲಿ ಇದು ಬೇಡ ಅನ್ನೋರಲ್ಲಿ ನಾನೂ ಒಬ್ಳು. ಆದ್ರೆ ಸಭೇಲಿ ಭಾವನೆ ಹೇಳ್ಕೊಳೋಕೆ ನಮ್ಮಲ್ಲಿ ನೂರು ಜನ, ಪ್ರಾಜೆಕ್ಟ್ ರಿಪೋರ್ಟ್ ಬಿಚ್ಚಿ "ಸ್ವಾಮಿ, ಈ ಲೆಕ್ಕ ತೋರ್ಸಿ" ಅಂತ ಕೇಳೋಕೆ ಎಷ್ಟು ಜನ? ಯೋಜನೆ ಪರ ಇರೋರಿಗೂ ಅಂಥ ಹುಡುಗೀರು ಬೇಕು, ವಿರೋಧ ಇರೋರಿಗೂ ಬೇಕು.

ಹತ್ತನೇ ಕ್ಲಾಸ್ ಮುಗ್ಸಿದೋರು ಮೂರು ವರ್ಷದ ಡಿಪ್ಲೊಮಾ ಎಲೆಕ್ಟ್ರಿಕಲ್ ನೋಡಿ, ಆಮೇಲೆ ಡಿಪ್ಲೊಮಾ ಆದೋರಿಗಿರೋ ಪ್ರವೇಶ ಪರೀಕ್ಷೆ ಡಿಸಿಇಟಿ ಬರ್ದು ಸೀದಾ ಬಿಇ ಎರಡನೇ ವರ್ಷಕ್ಕೆ ಸೇರ್ಬೋದು. ಬೇಗ ಕೆಲ್ಸ ಬೇಕು ಅಂದ್ರೆ ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ. ಹುಡುಗೀರಿಗೆ ಅಂತಾನೇ ತಾಂತ್ರಿಕ ಶಿಕ್ಷಣ ನೋಡ್ಕೊಳೋ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ, ಡಿಪ್ಲೊಮಾಗೂ ಬಿಇಗೂ ವರ್ಷಕ್ಕೆ 50,000 ರೂಪಾಯಿ, ಮನೆ ಆದಾಯ 8 ಲಕ್ಷದ ಒಳಗಿರ್ಬೇಕು, ಒಂದು ಮನೆಯಿಂದ ಇಬ್ರು ಹೆಣ್ಣುಮಕ್ಕಳ ತನಕ, ಆಯ್ಕೆ ಮೆರಿಟ್ ಮೇಲೆ. ಅರ್ಜಿ ಹಾಕೋದು ಗೊತ್ತಾಗ್ದಿದ್ರೆ ಇನ್‌ಬಾಕ್ಸಿಗೆ ಬನ್ನಿ. ಆದಾಯ ಪ್ರಮಾಣಪತ್ರ ಮಾತ್ರ ಈಗ್ಲೇ ಮಾಡಿಸಿಟ್ಕೊಳಿ, ಕೊನೇ ವಾರ ನಾಡಕಚೇರಿಗೆ ಹೋದ್ರೆ ಸರ್ವರ್ ಇರಲ್ಲ, ಸರ್ವರ್ ಇದ್ರೆ ಕರೆಂಟ್ ಇರಲ್ಲ.