ಗಾಳಿಯಲ್ಲಿ ನಿಂತ ಅಕ್ಕಿಕಾಳು

ತಂಗಿಯ ಮದುವೆ ವಿಡಿಯೋ ನೋಡೋಣ ಅಂತ ಭಾನುವಾರ ಸಂಜೆ ಮನೆಮಂದಿಯೆಲ್ಲ ಹಾಲ್‌ನಲ್ಲಿ ಕೂತಿದ್ದೆವು. ಪೇಪರ್ ಮೇಲೆ ಸುರಿದ ಮಂಡಕ್ಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ. ದಾವಣಗೆರೆ ಅಲ್ವಾ, ಇವೆರಡಿಲ್ಲದೆ ಏನೂ ಶುರುವಾಗುವುದಿಲ್ಲ. ಫೈಲ್ ಇದ್ದದ್ದು ಮಹಡಿ ರೂಮಿನ ಕಂಪ್ಯೂಟರ್‌ನಲ್ಲಿ. ಅಲ್ಲಿಂದ ವೈಫೈನಲ್ಲಿ ಹಾಲ್‌ನ ಹಳೇ ಲ್ಯಾಪ್‌ಟಾಪ್‌ಗೆ, ಆಮೇಲೆ ಕೇಬಲ್‌ನಲ್ಲಿ ಟಿವಿಗೆ. ಈ ಏರ್ಪಾಡು ನನ್ನದೇ. ಸ್ವಲ್ಪ ಜಂಬವೂ ಇತ್ತು.

ಮುಹೂರ್ತ ಬಂತು. ಗಟ್ಟಿಮೇಳ ಶುರುವಾಯಿತು, ಎಲ್ಲರೂ ಅಕ್ಷತೆ ಎಸೆದರು. ಅಷ್ಟೇ, ಚಿತ್ರ ನಿಂತುಬಿಟ್ಟಿತು. ವಾಲಗ ಮಾತ್ರ ಜೋರಾಗಿ ನಡೆದೇ ಇತ್ತು. ಅಕ್ಕಿಕಾಳುಗಳು ತಂಗಿಯ ತಲೆಗಿಂತ ಒಂದು ಗೇಣು ಮೇಲೆ ಸುಮ್ನೆ ನಿಂತಿದ್ದವು.

"ಏನಪಾ ಇದು, ಅಕ್ಕಿ ಕೆಳಗ ಬೀಳ್ತಾನೇ ಇಲ್ಲ!" ಅಂದಳು ಅವ್ವ.

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ಬೈಸಿಕೊಳ್ಳುವುದು ವೈಫೈ. ಫೈಲನ್ನು ಲ್ಯಾಪ್‌ಟಾಪ್‌ಗೇ ಕಾಪಿ ಮಾಡಿ ಹಾಕಿದೆ. ಅದೇ ಜಾಗದಲ್ಲಿ ಅದೇ ಅಕ್ಕಿ. ಪಾಪ, ವೈಫೈದು ಏನೂ ತಪ್ಪಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದರೆ ಲ್ಯಾಪ್‌ಟಾಪ್‌ನ ಮಿದುಳು ಸಿಪಿಯು ನೂರಕ್ಕೆ ನೂರು ದುಡಿತ, ಫ್ಯಾನ್ ಹಿಟ್ಟಿನ ಗಿರಣಿ. ವಿಡಿಯೋ ಓಡಿಸುವ ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ ಫೈಲಿನ ವಿವರ ನೋಡಿದೆ: 4ಕೆ, ಎಚ್‌ಇವಿಸಿ (ವಿಡಿಯೋ ಕುಗ್ಗಿಸುವ ಒಂದು ವಿಧಾನ), 10 ಬಿಟ್ (ಬಣ್ಣದ ಛಾಯೆಗಳು ಹೆಚ್ಚು). ವಿಡಿಯೋದವರು ಧಾರಾಳವಾಗಿಯೇ ಕೊಟ್ಟಿದ್ದರು.

ಕುಗ್ಗಿಸಿಟ್ಟ ಫೈಲ್ ಅಂದರೆ ಅಕ್ಕಿ. ಪರದೆಗೆ ಬೇಕಾದ್ದು ಮಂಡಕ್ಕಿ. 4ಕೆಯ ಒಂದೊಂದು ಚಿತ್ರಕ್ಕೂ ಸುಮಾರು 83 ಲಕ್ಷ ಚುಕ್ಕಿ, ಸೆಕೆಂಡಿಗೆ ಅಂಥ 25 ಚಿತ್ರ. ಇಪ್ಪತ್ತು ಕೋಟಿ ದಾಟಿತು! ಅಷ್ಟನ್ನೂ ಆಯಾ ಹೊತ್ತಿಗೆ ಅರಳಿಸಿ ಕೊಡಬೇಕು. ಅದಕ್ಕೆಂದೇ ಚಿಪ್‌ನೊಳಗೆ ಬೇರೆ ಭಟ್ಟಿ ಇರುತ್ತದೆ, ಅದೇ ಹಾರ್ಡ್‌ವೇರ್ ಡಿಕೋಡರ್. ಅದಿಲ್ಲವಾದರೆ ಸಿಪಿಯು ಮನೆ ಬಾಣಲೆಯಲ್ಲಿ ಹಿಡಿಹಿಡಿಯಾಗಿ ಹುರಿಯುತ್ತಾ ಕೂರಬೇಕು. ನನ್ನ ಲ್ಯಾಪ್‌ಟಾಪ್ ಇಂಟೆಲ್‌ನ 4ನೇ ತಲೆಮಾರಿನದು. ಅದರ ಭಟ್ಟಿಗೆ ಹಳೇ ವಿಧಾನ ಎಚ್.264 ಗೊತ್ತು, ಎಚ್‌ಇವಿಸಿ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಚಿಪ್ ಅಂಗಡಿಗೆ ಬಂದದ್ದೂ 2013, ಎಚ್‌ಇವಿಸಿಗೆ ಒಪ್ಪಿಗೆ ಸಿಕ್ಕಿದ್ದೂ 2013. ಇದರಲ್ಲಿ 10 ಬಿಟ್ ಬೇರೆ; ಇಂಟೆಲ್ ಭಟ್ಟಿಗೆ ಅದು ಸಲೀಸಾದದ್ದು 7ನೇ ತಲೆಮಾರಿನಲ್ಲಿ. ಇದು ತಿಳಿಯದೆ ನಾನು ಸೆಟ್ಟಿಂಗ್ಸ್‌ಗೆ ಹೋಗಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಮಾಡಿದೆ, ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ. ಇಲ್ಲದ ಭಟ್ಟಿಗೆ ಎಷ್ಟು ಸಲ ಸ್ವಿಚ್ ಹಾಕಿದರೇನು?

ತಲೆ ಎತ್ತಿ ನೋಡಿದರೆ ಹಾಲ್‌ನಲ್ಲಿ ಯಾರಿಗೂ ಬೇಜಾರಾಗಿರಲಿಲ್ಲ. ನಿಂತ ಚಿತ್ರವನ್ನೇ ಮಂಡಕ್ಕಿ ಜೊತೆ ಮೆಲ್ಲುತ್ತಿದ್ದರು. ಮೂರನೇ ಸಾಲಿನಲ್ಲಿ ದೊಡ್ಡಪ್ಪ ಬಾಯಿ ತುಂಬ ಆಕಳಿಸುತ್ತಾ ಸಿಕ್ಕಿಬಿದ್ದಿದ್ದರು. "ಅದು ಆಕಳಿಕೆ ಅಲ್ಲ, ಮಂತ್ರ ಹೇಳ್ತಿದ್ದೆ" ಅಂತ ವಾದ ನಡೆದಿತ್ತು.

ರಾತ್ರಿ ವಿಡಿಯೋದ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ಗೆ ಫೈಲ್ ಹಾಕಿ, ಕಡಿಮೆ ಚುಕ್ಕಿಯ 1080ಪಿ ಎಚ್.264 ಮಾಡು ಅಂತ ಹೇಳಿ ಮಲಗಿದೆ. ಮುಗಿದದ್ದು ಮರುದಿನ ಮಧ್ಯಾಹ್ನ.

ಮುಂದಿನ ಭಾನುವಾರ ವಿಡಿಯೋ ಬೆಣ್ಣೆಯಂತೆ ಓಡಿತು. ಅಕ್ಷತೆ ಎದ್ದದ್ದೂ ಬಿದ್ದದ್ದೂ ಒಂದೇ ಉಸಿರಿನಲ್ಲಿ. ನಾನು ಶಭಾಷ್‌ಗಿರಿಗೆ ಕಾಯುತ್ತಾ ಕೂತೆ.

"ಇಷ್ಟು ಬೇಗ ಹೋಗಿಬಿಡ್ತಾ?" ಅಂದಳು ಅವ್ವ. "ಹೋದ ವಾರ ನಿಂತಿತ್ತಲ್ಲ, ಅಲ್ಲೇ ನಿಲ್ಲಿಸು. ಕೊನೇಲಿ ನಿಂತ ಆ ನೇರಳೆ ಸೀರೆಯವರು ಯಾರಂತ ಇನ್ನೂ ಗೊತ್ತಾಗಿಲ್ಲ."