ಒಂಬತ್ತು ದಾಸವಾಳ ಮತ್ತು ಒಂದು ಸ್ಕೇಲ್

ಇಂದು ಬೆಳಿಗ್ಗೆ, ಸೆರಾಮಿಕ್ ಹೂಗಳನ್ನು ಮಾಡಿ ಮಾರುವ ನನ್ನ ತಂಗಿಯ ಮೊಬೈಲಿಗೆ ಬಂದ ಫೋಟೊ ನೋಡಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಮಗಳ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಡಲೆಂದು ಒಂಬತ್ತು ಸೆರಾಮಿಕ್ ದಾಸವಾಳಗಳನ್ನು ಮಾಡಿಸಿಕೊಂಡು ಹೋದವರು, ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಶಾಲಾ ಮಕ್ಕಳ ಸ್ಕೇಲ್ ಇಟ್ಟು ಫೋಟೊ ತೆಗೆದು ಕಳಿಸಿದ್ದಾರೆ. ಎರಡು ಹೂಗಳು ಉಳಿದವುಗಳಿಗಿಂತ ಅರ್ಧ ಸೆಂಟಿಮೀಟರ್ ಚಿಕ್ಕವಾಗಿವೆಯಂತೆ, ಬದಲಾಯಿಸಿ ಕೊಡಬೇಕಂತೆ. ಅದರ ಕೆಳಗೆ ಇನ್ನೊಂದು ಸಾಲು: 'ಹ್ಯಾಂಡ್‌ಮೇಡ್' ಎಂದು ಬರೆದ ಚೀಟಿ ಎಲ್ಲೋ ಕಳೆದುಹೋಗಿದೆ, ಗಿಫ್ಟ್ ಡಬ್ಬಿಗೆ ಅಂಟಿಸಬೇಕು, ಇನ್ನೊಂದು ಕಳಿಸಿ.

ಹೂವು ಅಚ್ಚಿನಲ್ಲಿ ಒತ್ತಿ ತೆಗೆದಂತೆ ಇರಬೇಕು, ಚೀಟಿ ಮಾತ್ರ ಕೈಕೆಲಸದ್ದಾಗಿರಬೇಕು!

ನಿವೃತ್ತಿಯ ನಂತರ ನಾನು ತಂಗಿಯ ಕಾರ್ಖಾನೆಯಲ್ಲಿ, ಅಂದರೆ ಎಂದೂ ಕಾರು ಕಾಣದ ನಮ್ಮ ಕಾರ್ ಶೆಡ್ಡಿನಲ್ಲಿ, ಲೆಕ್ಕ ಬರೆಯುವ ಮತ್ತು ಡಬ್ಬಿ ಕಟ್ಟುವ ಸಂಬಳವಿಲ್ಲದ ಕೆಲಸಕ್ಕೆ ಸೇರಿರುವುದು ನಿಮಗೆಲ್ಲ ಗೊತ್ತೇ ಇದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಬಾಯಿ ಇದು, ಸುಮ್ಮನಿರಲಾರದು. ಆದ್ದರಿಂದ ಆ ಅರ್ಧ ಸೆಂಟಿಮೀಟರ್ ಎಲ್ಲಿ ಹೋಯಿತೆಂದು ವಿವರಿಸುತ್ತೇನೆ.

ನಾದಿದ ಮಣ್ಣಿನ ಸಣ್ಣ ಉಂಡೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಒಂದು ದಳವಾಗುತ್ತದೆ. ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದರೆ ನನ್ನ ತಂಗಿಯ ಬೆರಳಿನ ಗೆರೆಗಳು ಕಾಣುತ್ತವೆ. ದಳಗಳ ಬುಡವನ್ನು ಗೀರಿ, ನೀರಿನಲ್ಲಿ ಕಲಸಿದ ತೆಳು ಮಣ್ಣನ್ನು ಹಚ್ಚಿ, ಒಂದರ ಮೇಲೊಂದು ಕೂಡಿಸಿ, ಗೋಡೆಗೆ ತೂಗುಹಾಕಲು ಹಿಂಬದಿಯಲ್ಲಿ ತೂತು ಮಾಡಿದ ಮೇಲೆ ಹೂವು ಒಣಗಬೇಕು. ದಳದ ತೆಳ್ಳನೆಯ ಅಂಚು ಬೇಗ ಒಣಗುತ್ತದೆ, ದಪ್ಪನೆಯ ನಡುಭಾಗ ತಡವಾಗಿ ಒಣಗುತ್ತದೆ, ಆ ಜಗಳದಲ್ಲಿ ಬುಡ ಬಿರುಕು ಬಿಡದಿರಲೆಂದು ಅವಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ಗಾಳಿ ತಾಗದಂತೆ ನೋಡಿಕೊಳ್ಳುತ್ತಾಳೆ. ನಂತರ ಒಂದು ಸಲ ಹದವಾಗಿ ಸುಟ್ಟು, ಗ್ಲೇಜ್ ಎಂಬ ಗಾಜಿನಂಥ ಹೊಳಪಿನ ಲೇಪ ಹಚ್ಚಿ, ಎರಡನೆಯ ಸಲ 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಡಬೇಕು. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುತ್ತದೆ; ನಾವು ಬಳಸುವ ಮಣ್ಣಿನಲ್ಲಿ ಒಟ್ಟು ಕುಗ್ಗುವಿಕೆ ಹತ್ತಿರಹತ್ತಿರ ನೂರಕ್ಕೆ ಹತ್ತು ಪಾಲು. ಹೂವು ಸುಡುವ ಗೂಡಿನ ಮೇಲಿನ ತಟ್ಟೆಯ ಬಿಸಿಯೇ ಬೇರೆ, ಕೆಳಗಿನ ತಟ್ಟೆಯ ಬಿಸಿಯೇ ಬೇರೆ. ಸಾಲದೆಂಬಂತೆ ಮಣ್ಣಿನೊಳಗಿನ ಸ್ಫಟಿಕ ಶಿಲೆಯ ಕಣಗಳು 573 ಡಿಗ್ರಿಯಲ್ಲಿ ತಟಕ್ಕನೆ ಗಾತ್ರ ಬದಲಿಸುವುದರಿಂದ, ತಣಿಯುವಾಗ ಅವಸರಪಟ್ಟು ಬಾಗಿಲು ತೆರೆದರೆ ಹೂವು ಟಿಣ್ ಎಂದು ಸೀಳಿಹೋಗುತ್ತದೆ. ಇಷ್ಟನ್ನೆಲ್ಲ ದಾಟಿ ಬಂದ ಒಂಬತ್ತು ಹೂಗಳಲ್ಲಿ ಎರಡು ಅರ್ಧ ಸೆಂಟಿಮೀಟರ್ ಚಿಕ್ಕದಾದವು. ಅಪರಾಧವೇ?

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂದರು ಹಿರಿಯರು. ಈಗ ದೊಣ್ಣೆಯೂ ಬೇಕಿಲ್ಲ, ವಾಟ್ಸಾಪ್ ಇದ್ದರೆ ಸಾಕು.

ಇದಕ್ಕೊಂದು ಸಿದ್ಧ ಉತ್ತರವಿದೆ, ಬೆಳಿಗ್ಗೆ ನಮ್ಮ ಮನೆಯವರೇ ಅದನ್ನು ಕಾಫಿ ಕುಡಿಯುತ್ತಾ ಹೇಳಿದರು: ದುಡ್ಡು ಕೊಟ್ಟವರಿಗೆ ಕೇಳುವ ಹಕ್ಕಿಲ್ಲವೇ? ಖಂಡಿತ ಇದೆ. ಬಿರುಕಿದ್ದರೆ, ತೂತಿನ ಅಂಚು ಕಿತ್ತುಬಂದಿದ್ದರೆ, ದಾರಿಯಲ್ಲಿ ದಳ ಮುರಿದಿದ್ದರೆ ನಾವು ಮಾತಿಲ್ಲದೆ ಬೇರೆ ಕೊಡುತ್ತೇವೆ, ಕೊಟ್ಟಿದ್ದೇವೆ. ಎಲ್ಲವೂ ಒಂದೇ ಅಳತೆಯಲ್ಲಿ ಬೇಕೆನ್ನುವವರಿಗೆ ಪ್ಲಾಸ್ಟರಿನ ಅಚ್ಚಿನಲ್ಲಿ ಮಾಡಿದ ಹೂಗಳು ಅಂಗಡಿಯಲ್ಲಿ ಸಿಗುತ್ತವೆ, ಅಗ್ಗವೂ ಆಗಿವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಅವನ್ನು ಕೊಂಡವರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಬೀಗರ ಮುಂದೆ 'ಇದು ಕೈಯಲ್ಲೇ ಮಾಡಿದ್ದು ಗೊತ್ತಾ' ಎಂದು ಹೇಳಿಕೊಳ್ಳುವ ಸುಖವೂ ಬೇಕು, ಯಂತ್ರದ ಅಚ್ಚುಕಟ್ಟೂ ಬೇಕು ಎನ್ನುವವರ ಮೇಲೆ ನನ್ನ ತಕರಾರು.

ಸೆರಾಮಿಕ್ ಹೂವನ್ನು ಉಡುಗೊರೆ ಕೊಟ್ಟು ಬೀಗುವುದು ಇಂದಿನದಲ್ಲ ಬಿಡಿ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವಿನ್ಸೆನ್ ಎಂಬಲ್ಲಿದ್ದ ಪಿಂಗಾಣಿ ಕಾರ್ಖಾನೆ ಹೂಗಳಿಗೇ ಹೆಸರಾಗಿತ್ತು, ಅಲ್ಲಿ ಒಂದೊಂದು ಎಸಳನ್ನೂ ಕೈಯಲ್ಲಿ ತಿದ್ದುತ್ತಿದ್ದವರು ಹೆಂಗಸರು. ಫ್ರಾನ್ಸಿನ ಯುವರಾಜನನ್ನು ಮದುವೆಯಾಗಿದ್ದ ಜರ್ಮನಿಯ ಸ್ಯಾಕ್ಸನಿಯ ರಾಜಕುಮಾರಿ ಮರಿ ಜೋಸೆಫ್, 1749ರಲ್ಲಿ ನಾನೂರಕ್ಕೂ ಹೆಚ್ಚು ಪಿಂಗಾಣಿ ಹೂಗಳ ಒಂದು ಗುಚ್ಛವನ್ನು ತವರಿಗೆ, ತನ್ನ ತಂದೆಗೆ ಕಳಿಸಿದಳು. ತಂದೆಯೋ ಮೈಸೆನ್ ಕಾರ್ಖಾನೆಯ ಒಡೆಯ. ಯುರೋಪಿನಲ್ಲಿ ಗಟ್ಟಿ ಪಿಂಗಾಣಿಯನ್ನು ಮೊದಲು ಮಾಡತೊಡಗಿದ ಕಾರ್ಖಾನೆಯೇ ಅದು. ಅಪ್ಪನ ಊರಿನ ವಿದ್ಯೆಯಲ್ಲೇ ಗಂಡನ ಮನೆಯ ಹೆಚ್ಚುಗಾರಿಕೆಯನ್ನು ತೋರಿಸುವ ಈ ಜಾಣತನವನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಯಾರೂ ಬಿಡಿಸಿ ಹೇಳದೆಯೇ ಅರ್ಥಮಾಡಿಕೊಳ್ಳುತ್ತಾರೆ. ಆ ಗುಚ್ಛ ಇಂದಿಗೂ ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡೆನ್‌ನಲ್ಲಿದೆ. ಎರಡು ಹೂವು ಚಿಕ್ಕದಾಯಿತೆಂದು ಅದನ್ನು ವಾಪಸು ಕಳಿಸಲಿಲ್ಲ.

ಅಷ್ಟು ಹಿಂದಕ್ಕೆ ಹೋಗುವುದೇ ಬೇಡ. ಮೊದಲ ಮಹಾಯುದ್ಧ ಆರಂಭವಾಗಿ ನೂರು ವರ್ಷವಾದ 2014ರಲ್ಲಿ ಟವರ್ ಆಫ್ ಲಂಡನ್ನಿನ ಕಂದಕದಲ್ಲಿ 8,88,246 ಕೆಂಪು ಸೆರಾಮಿಕ್ ಗಸಗಸೆ ಹೂಗಳನ್ನು ನೆಟ್ಟಿದ್ದರು. ಬ್ರಿಟನ್ನಿನ ಪರವಾಗಿ ಮಡಿದ ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಹೂವು. ಕಲಾವಿದ ಪಾಲ್ ಕಮಿನ್ಸ್ ಮತ್ತು ಅವರ ತಂಡ ಅವನ್ನು ಕೈಯಲ್ಲೇ ಮಾಡಿತು, ಜನ ತಲಾ 25 ಪೌಂಡ್ ಕೊಟ್ಟು ಕೊಂಡರು. ಸುಮಾರು ಒಂಬತ್ತು ಲಕ್ಷ ಹೂಗಳಲ್ಲಿ ಒಂದರ ಬಾಗು ಇನ್ನೊಂದಕ್ಕಿರಲಿಲ್ಲ. ಆ ಫೋಟೊದ ಮೇಜಿನ ಮೇಲಿದ್ದದ್ದು ಒಂಬತ್ತು.

ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ, ತಂಗಿ ಫೇಸ್‌ಬುಕ್ ನೋಡುವುದಿಲ್ಲ. ಗೋಡೆಯ ಮೇಲೆ ಮಣ್ಣಿನ ಹೂವು ತೂಗುಹಾಕುವ ಅಲಂಕಾರ ನನಗೆ ಅಷ್ಟೇನೂ ಹಿಡಿಸುವುದಿಲ್ಲ. ನನ್ನ ಕೋಣೆಯ ಗೋಡೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಏನೂ ಇಲ್ಲ. ಧೂಳು ಒರೆಸುವವಳು ನಾನೇ ಆದ್ದರಿಂದ ದಳಗಳ ಸಂದಿಯ ಬಗ್ಗೆ ನನಗೆ ಯಾವ ಕಾವ್ಯವೂ ಹೊಳೆಯುವುದಿಲ್ಲ. ಆದರೂ ಗೂಡಿನ ಬಾಗಿಲು ತೆರೆಯುವ ದಿನ ಅವಳಿಗಿಂತ ಮೊದಲು ಶೆಡ್ಡಿಗೆ ಹೋಗಿ ನಿಲ್ಲುವವಳು ನಾನು. ಗ್ಲೇಜ್ ತೆಳುವಾದ ಅಂಚಿನಲ್ಲಿ ಕೆಳಗಿನ ಮಣ್ಣಿನ ಕಂದು ಬಣ್ಣ ಇಣುಕಿರುತ್ತದೆ, ಮಡಿಕೆಯಲ್ಲಿ ಮಡುಗಟ್ಟಿದ ಕಡೆ ಬಣ್ಣ ಗಾಢವಾಗಿರುತ್ತದೆ, ಯಾವ ಹೂವಿನಲ್ಲಿ ಎಷ್ಟೆಂದು ಹಚ್ಚಿದವಳಿಗೂ ಮೊದಲೇ ತಿಳಿದಿರುವುದಿಲ್ಲ. ಆ ಕುತೂಹಲಕ್ಕಾಗಿಯೇ ಲೆಕ್ಕ ಬರೆಯುತ್ತಿದ್ದೇನೆ ಎಂದರೂ ತಪ್ಪಲ್ಲ.

ಬೆಳಿಗ್ಗೆ ಆ ಫೋಟೊ ನೋಡಿ ಅವಳು, "ಹೋಗ್ಲಿ ಬಿಡಕ್ಕ, ಇನ್ನೆರಡು ಮಾಡಿಕೊಟ್ರಾಯ್ತು" ಎಂದಳು. ಮಾಡಿಕೊಡುತ್ತಾಳೆ. ಅವೂ ಉಳಿದ ಏಳರ ಹಾಗಿರುವುದಿಲ್ಲವೆಂದು ನಾನು ಆಗಲೇ ಬರೆದು ಕಳಿಸಿದ್ದೇನೆ, ಚೀಟಿ ಕಳಿಸಿಲ್ಲ. ದಸರಾಕ್ಕೆ, ದೀಪಾವಳಿಗೆ ಉಡುಗೊರೆಯ ಆರ್ಡರ್ ಕೊಡಬೇಕೆಂದಿರುವ ಸ್ನೇಹಿತರು ಫೋಟೊ ನೋಡಿ ಕೊಡುವುದು ಬೇಡ, ದಯವಿಟ್ಟು ಮನೆಗೆ ಬನ್ನಿ. ಹೂಗಳನ್ನೆಲ್ಲ ಮೇಜಿನ ಮೇಲೆ ಹರಡುತ್ತೇನೆ, ಕೈಯಲ್ಲಿ ಹಿಡಿದು, ತಿರುಗಿಸಿ, ಬೇಕಾದ್ದನ್ನು ಆರಿಸಿಕೊಳ್ಳಿ. ಚೌಕಾಸಿ ಮಾಡುವುದಿದ್ದರೆ ತಂಗಿಯ ಹತ್ತಿರ ಮಾಡಬೇಡಿ, ಅವಳು ಒಪ್ಪಿಬಿಡುತ್ತಾಳೆ. ನನ್ನ ಹತ್ತಿರ ಮಾಡಿ.