ಬಾರಿಗಿಡದ ಬಾದರಾಯಣ ಸಂಬಂಧ

ಮೈಸೂರು ಕಡೆಯಿಂದ ಕಲಬುರಗಿಗೆ ವರ್ಗವಾಗಿ ಬಂದವರು ಸಂಕ್ರಾಂತಿ ಹತ್ತಿರ ಬಂದಾಗ ಸಂತೆಯಲ್ಲಿ ‘ಎಲಚಿ ಹಣ್ಣು’ ಕೇಳಬಾರದು. ಬುಟ್ಟಿ ತುಂಬ ಅದನ್ನೇ ಇಟ್ಟುಕೊಂಡು ಕೂತ ಅಜ್ಜಿ, “ಇಲಾಚಿ ಕಿರಾಣಿ ಅಂಗಡ್ಯಾಗ ಸಿಗ್ತದ ನೋಡ್ರಿ” ಅಂತ ಕೈ ತೋರಿಸುತ್ತಾಳೆ. ಕಿರಾಣಿಯವನು ಹತ್ತು ಗ್ರಾಂ ಏಲಕ್ಕಿ ತೂಗುತ್ತಾನೆ. ಸಂಕ್ರಾಂತಿಗೆ ಮಗುವಿನ ತಲೆಯ ಮೇಲೆ ಹಣ್ಣು ಎರೆದು ಆರತಿ ಎತ್ತುವ ಶಾಸ್ತ್ರಕ್ಕೆ ಅದು ದುಬಾರಿ.

ಮೈಸೂರಿನ ಎಲಚಿ ಇಲ್ಲಿ ಬಾರಿಹಣ್ಣು. ಬೀದರಿನಲ್ಲಿ ಮರಾಠಿಯವರಿಗೆ ಬೋರ, ತೆಲುಗರಿಗೆ ರೇಗು, ಉರ್ದುವಿನವರಿಗೆ ಬೇರ್. ಬೇರ್ ತರಲು ಹೇಳಿದರೆ ಹುಡುಗ ಲಾವಂಚದ ಬೇರು ತಂದಾನು. ಸಂಸ್ಕೃತದಲ್ಲಿ ಬದರಿ. ನಿಮ್ಮ ಮನೆ ಮುಂದೆ ಬದರಿ ಮರ, ನಮ್ಮ ಬಂಡಿಗೆ ಬದರಿಯ ಗಾಲಿ, ಆದ್ದರಿಂದ ನಾವು ನೆಂಟರು ಎಂದು ಊಟಕ್ಕೆ ಕೂತವನ ಬಾದರಾಯಣ ಸಂಬಂಧ ಹುಟ್ಟಿದ್ದು ಈ ಮರದಿಂದಲೇ.

ಹೊಲದ ಬದುವಿನ ಕಾಡುಬಾರಿ ಕೂಡ ಹಾಗೇ ನೆಂಟಸ್ತನ ಬೆಳೆಸುತ್ತದೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳು: ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ನೆಟ್ಟಗಿದ್ದದ್ದು ಚುಚ್ಚುತ್ತದೆ. ಬೆಚ್ಚಿ ಕೈ ಎಳೆದುಕೊಂಡಿರೋ, ಕೊಕ್ಕೆ ತೋಳನ್ನು ಹಿಡಿದುಕೊಳ್ಳುತ್ತದೆ. ಜಗ್ಗಿದಷ್ಟೂ ಅಂಗಿಯೇ ಹರಿಯುವುದು. ಕೈಯನ್ನು ಗಿಡದ ಕಡೆಗೇ ಒಂದಿಷ್ಟು ಒಯ್ದು, ಬಟ್ಟೆ ಸಡಿಲಾದ ಮೇಲೆ ಇನ್ನೊಂದು ಕೈಯಿಂದ ಕೊಕ್ಕೆ ಬಿಡಿಸಬೇಕು. ಕೈಗೆ ಸಿಗದ ಹಣ್ಣಿಗೆ ಕೋಲಿನಿಂದ ಕೊಂಬೆ ಅಲ್ಲಾಡಿಸಿ, ಕೆಳಗೆ ಗೋಣಿಚೀಲ ಹಾಸಿ. ಜರಿಯಂಚಿನ ಸೀರೆ ಉಟ್ಟು ಹೋಗುವ ಜಾಗವಂತೂ ಅಲ್ಲ.

ತೂತು ಕಂಡರೆ ಹುಳ ಇದೆ ಎಂದು ಎಲ್ಲರೂ ಬಿಸಾಡುತ್ತಾರೆ. ನೊಣ ಮೊಟ್ಟೆ ಇಡುವುದು ಕಾಯಿ ಎಳೆಯದಾಗಿರುವಾಗ. ಹುಳ ಒಳಗೇ ತಿಂದು ಬಲಿತು, ಮಣ್ಣಿಗೆ ಬೀಳಲು ತೂತು ಕೊರೆದು ಹೊರಬರುತ್ತದೆ. ಅಂದರೆ ತೂತಿದ್ದ ಹಣ್ಣಿನ ಬಾಡಿಗೆದಾರ ಬಹುಶಃ ಮನೆ ಖಾಲಿ ಮಾಡಿದ್ದಾನೆ. ನಯವಾಗಿ ಹೊಳೆಯುವುದರೊಳಗೆ ಇನ್ನೂ ಇದ್ದಾನು. ಬಾಯಿಗಿಡುವ ಮುಂಚೆ ಬಿಡಿಸಿ ನೋಡುವುದೊಂದೇ ದಾರಿ.

ಎರೆಯುವುದಕ್ಕೆ ಒಂದು ಸೇರು ಚುರುಮುರಿಗೆ ಎರಡು ಹಿಡಿ ಸಣ್ಣ, ಮೆತ್ತಗಿನ ಬಾರಿಹಣ್ಣು ಸಾಕು. ಗಟ್ಟಿ ಕಾಯಿ ಹಾಕಿದರೆ ಮಗು ಫೋಟೋ ತುಂಬ ಅಳುತ್ತದೆ. ಕೂಸಿನ ಬಾಯಿಗೆ ಬೀಜ ಹೋಗದಂತೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಆರತಿ ಆದ ಕೂಡಲೇ ಕಸಬರಿಗೆ ತನ್ನಿ: ನುಣುಪಾದ ಶಹಾಬಾದ್ ಕಲ್ಲಿನ ಫರ್ಸಿ, ಅದರ ಮೇಲೆ ದುಂಡನೆ ಬೀಜ, ಅದರ ಮೇಲೆ ಉಂಡು ಎದ್ದ ಬೀಗರ ಕಾಲು.